ಬಂದಿದ್ದೇ ಇವತ್ತು

ಸರ್ಕಾರಿ ಕೆಲಸ ಇಂತಿಷ್ಟು ದಿನದಲ್ಲಿ ಆಗಲೇಬೇಕು ಅನ್ನೋ ನಮ್ಮ ರಾಜ್ಯದ ಯೋಜನೆಯ ಹೆಸರು ಸಕಾಲ, ಅಂದ್ರೆ ಸರಿಯಾದ ಕಾಲ. ಯಾರಿಗೆ ಸರಿ ಅಂತ ಮಾತ್ರ ಕೇಳಬಾರದು.

ಈ ಐಡಿಯಾ ಹುಟ್ಟಿದ್ದು ಬ್ರಿಟನ್ನಿನಲ್ಲಿ. 1991ರಲ್ಲಿ ಅಲ್ಲಿನ ಪ್ರಧಾನಿ ಜಾನ್ ಮೇಜರ್ ಸಿಟಿಜನ್ಸ್ ಚಾರ್ಟರ್ ಅಂತ ತಂದರು, ಸರ್ಕಾರಿ ಕಚೇರಿಯೂ ಜನರಿಗೆ ಇಷ್ಟು ದಿನದಲ್ಲಿ ಇಂಥ ಕೆಲಸ ಅಂತ ಮಾತು ಕೊಡಬೇಕು ಅಂತ. ಅದು ನಮ್ಮ ಪುರಸಭೆ ಮುಟ್ಟುವಷ್ಟರಲ್ಲಿ ‘ನಾಗರಿಕ ಸನ್ನದು’ ಅನ್ನೋ ಬೋರ್ಡ್ ಆಗಿತ್ತು. ಬೋರ್ಡಿನ ಮುಂದೆ ಒಂದು ಬೀರು. ಎಷ್ಟು ದಿನ ಅಂತ ಬರೆದಿರುವ ಕಾಲಂ ಸರಿಯಾಗಿ ಬೀರುವಿನ ಹಿಂದೆ.

ಬೋರ್ಡ್ ಸಾಲದು ಅಂತ 2011ರಲ್ಲಿ ಕಾಯ್ದೆಯೇ ಬಂತು, 2012ರ ಏಪ್ರಿಲ್‌ನಿಂದ ರಾಜ್ಯದ ತುಂಬಾ ಸಕಾಲ. ಅರ್ಜಿಗೊಂದು 15 ಅಂಕಿಯ ನಂಬರ್, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಕಚೇರಿ ಹೆದರಿತು ಅಂದ್ಕೊಂಡ್ರಾ? ಕಾಯ್ದೆಯನ್ನ ನಮಗಿಂತ ಚೆನ್ನಾಗಿ ಓದಿಕೊಂಡಿತು. ನಂಬರ್ ಹುಟ್ಟಿದ ಮೇಲೆ ತಾನೇ ದಿನ ಎಣಿಸೋದು? ಹುಟ್ಟಿಸದಿದ್ದರಾಯ್ತು.

ನಾನು ಖಾತೆ ಬದಲಾವಣೆಗೆ ಅರ್ಜಿ ಕೊಟ್ಟೆ. ಕೇಸ್ ವರ್ಕರ್ ಅದನ್ನ ಕಂಪ್ಯೂಟರಿಗೆ ಹಾಕಲಿಲ್ಲ, ಟೇಬಲ್ ಡ್ರಾಯರ್ ಎಳೆದು ಎರಡು ಬಾಳೆಹಣ್ಣಿನ ಪಕ್ಕ ಮಲಗಿಸಿದರು. ಸ್ವೀಕೃತಿ ಕೊಡಿ ಅಂದೆ.

“ಅದು ಕೊಟ್ರೆ ಟೈಮ್ ಶುರುವಾಗಿಬಿಡುತ್ತೆ ಸಾರ್, ಆಮೇಲೆ ಸುಮ್ನೆ ರಿಜೆಕ್ಟ್ ಮಾಡಬೇಕಾಗುತ್ತೆ.”

ನನ್ನ ಒಳ್ಳೇದಕ್ಕೇ ಹೇಳೋ ದನಿ. ರಿಜೆಕ್ಟ್ ಆದರೂ ಲೆಕ್ಕದಲ್ಲಿ ಅದು ವಿಲೇವಾರಿಯೇ, ವಿಲೇವಾರಿ ನೋಡಿ ಕಚೇರಿಗೆ ಕೊಡೋ ರ್‍ಯಾಂಕಿಗೆ ಏನೂ ಮುಕ್ಕಾಗಲ್ಲ.

ನಾಲ್ಕು ತಿಂಗಳು ಓಡಾಡಿದೆ. ಬಿಲ್ ಕಲೆಕ್ಟರ್ ಬಂದು ಜಾಗ ನೋಡಿ ಹೋದರು, ಸರ್ವರ್ ಮಲಗಿತು, ಎದ್ದಿತು, ಮತ್ತೆ ಮಲಗಿತು, ಸಾಹೇಬರು ಟ್ರೈನಿಂಗಿಗೆ ಹೋಗಿ ಬಂದರು, ಅಷ್ಟರಲ್ಲಿ ಡ್ರಾಯರಿನ ಬಾಳೆಹಣ್ಣು ಎಷ್ಟು ಸಲ ಬದಲಾಯಿತೋ. ಕೊನೆಗೆ ಎಲ್ಲ ಸಹಿಯೂ ಬಿದ್ದ ದಿನ ಬೆಳಿಗ್ಗೆ 11:10ಕ್ಕೆ ಮೊಬೈಲ್ ಟಿಣ್ ಅಂತು: ಅರ್ಜಿ ಸ್ವೀಕರಿಸಲಾಗಿದೆ. 11:40ಕ್ಕೆ ಇನ್ನೊಂದು ಟಿಣ್: ವಿಲೇವಾರಿಯಾಗಿದೆ. ಅರ್ಧ ಗಂಟೆ! ಬ್ರಿಟನ್ನಿನವರಿಗೂ ಇದು ಸಾಧ್ಯವಾಗಿರಲಿಕ್ಕಿಲ್ಲ.

ನನಗೆ 500 ರೂಪಾಯಿ ಬರಬೇಕಲ್ವಾ ಅಂತ ಕೇಳಿಯೇಬಿಟ್ಟೆ. ಆಟೋಗೇ ಅದಕ್ಕಿಂತ ಜಾಸ್ತಿ ಆಗಿತ್ತು, ಆದರೂ ಕೇಳಿದೆ. ಕೇಸ್ ವರ್ಕರ್ ಬೇಜಾರು ಮಾಡಿಕೊಳ್ಳಲಿಲ್ಲ, ಸ್ಕ್ರೀನನ್ನೇ ನನ್ನ ಕಡೆ ತಿರುಗಿಸಿದರು.

“ಎಲ್ಲಿ ಸಾರ್ ತಡ? ನೋಡಿ, ನೀವು ಬಂದಿದ್ದೇ ಇವತ್ತು.”