ಒಂದೇ ಡಿಸ್ಟ್ರಿಕ್ಟ್, ಒಂದೇ ಸಂಬಳ, ಹತ್ತಕ್ಕೆ ಹತ್ತರ ಹುಚ್ಚು

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ ಕಡೆ ಮನೆ ಹುಡುಕುವ ಕನ್ನಡಿಗರ ಜೊತೆ ಐದು ನಿಮಿಷ ಮಾತಾಡಿ, ಶಾಲೆಯ ವಿಷಯ ಬಂದೇ ಬರುತ್ತದೆ. ಅಡುಗೆಮನೆ ದೊಡ್ಡದಾ, ಬಾಗಿಲು ಪೂರ್ವಕ್ಕಿದೆಯಾ ಅನ್ನೋದೆಲ್ಲ ಆಮೇಲೆ. ಮೊದಲ ಪ್ರಶ್ನೆ, "ಯಾವ ಎಲಿಮೆಂಟರಿ ಬರುತ್ತೆ? ರೇಟಿಂಗ್ ಎಷ್ಟು?" ಎಂಟು ಅಂದರೆ ಮುಖ ಸಪ್ಪಗಾಗುತ್ತದೆ. ಹತ್ತು ಅಂದರೆ ಸಾಲ ಇನ್ನಷ್ಟು ಜಾಸ್ತಿ ಮಾಡೋಕೆ ಗಂಡ ಹೆಂಡತಿ ಇಬ್ಬರೂ ರೆಡಿ. ನನಗನಿಸುವುದು, ಒಂದೇ ಸ್ಕೂಲ್ ಡಿಸ್ಟ್ರಿಕ್ಟಿನ (ಅಂದರೆ ಒಂದೇ ಆಡಳಿತದಡಿ ಬರುವ ಸರ್ಕಾರಿ ಶಾಲೆಗಳ ಗುಂಪಿನ) ಒಳಗೆ ಎಂಟಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸದಲ್ಲಿ ಶಾಲೆಯ ಪಾಲು ಸ್ವಲ್ಪ, ಸುತ್ತಮುತ್ತಲಿನ ಮನೆಗಳ ಪಾಲೇ ಜಾಸ್ತಿ.

ಊರಲ್ಲಿರುವವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಬೆಂಗಳೂರಲ್ಲಾದರೆ ಶಾಲೆ ಆರಿಸುತ್ತೇವೆ, ಡೊನೇಷನ್ ಕೊಡುತ್ತೇವೆ, ಮಗುವನ್ನು ಬೆಳಿಗ್ಗೆ ಏಳಕ್ಕೇ ವ್ಯಾನ್ ಹತ್ತಿಸುತ್ತೇವೆ. ಇಲ್ಲಿ ಸರ್ಕಾರಿ ಶಾಲೆ, ಫೀಸ್ ಇಲ್ಲ. ಆದರೆ ಯಾವ ಶಾಲೆ ಅನ್ನುವುದನ್ನು ಮನೆಯ ವಿಳಾಸವೇ ತೀರ್ಮಾನಿಸುತ್ತದೆ. ಕ್ಯುಪರ್ಟಿನೊ ಯೂನಿಯನ್ ಸ್ಕೂಲ್ ಡಿಸ್ಟ್ರಿಕ್ಟ್ ನೋಡಿಕೊಳ್ಳುವುದು ಎಂಟನೇ ಕ್ಲಾಸಿನವರೆಗೆ ಮಾತ್ರ, ಹೈಸ್ಕೂಲಿಗೆ ಬೇರೆಯದೇ ಡಿಸ್ಟ್ರಿಕ್ಟ್ ಇದೆ. ಕ್ಯುಪರ್ಟಿನೊ ಡಿಸ್ಟ್ರಿಕ್ಟಿನ ಗಡಿ ಊರು ದಾಟಿ ಸನಿವೇಲ್, ಸ್ಯಾನ್ ಹೊಸೆ, ಸ್ಯಾರಟೋಗದ ಕೆಲವು ಭಾಗಗಳಿಗೂ ಹಬ್ಬಿದೆ. ಹಾಗಾಗಿ ಸನಿವೇಲ್‌ನ ಹಳೇ ಮನೆಯೊಂದರ ಜಾಹೀರಾತಿನಲ್ಲೂ 'ಕ್ಯುಪರ್ಟಿನೊ ಶಾಲೆಗಳು' ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಮಗುವನ್ನು ಸೇರಿಸುವಾಗ ಬಾಡಿಗೆ ಕರಾರು, ಕರೆಂಟ್ ಬಿಲ್ ಎಲ್ಲ ತೋರಿಸಬೇಕು. ಊರಿನ ಸೀಟು ಹುಡುಕಾಟ ಇಲ್ಲಿ ಮನೆ ಹುಡುಕಾಟವಾಗಿದೆ, ಅಷ್ಟೇ.

ಈಗ ಆ ಹತ್ತರ ಒಳಗೆ ಏನಿದೆ ನೋಡೋಣ. ಡಿಸ್ಟ್ರಿಕ್ಟಿನ ಎಲ್ಲ ಶಾಲೆಗಳ ಟೀಚರ್‌ಗಳಿಗೂ ಒಂದೇ ಸಂಬಳದ ಪಟ್ಟಿ. ಎಷ್ಟು ವರ್ಷ ಸರ್ವಿಸ್, ಎಷ್ಟು ಓದಿದ್ದಾರೆ ಅನ್ನುವುದರ ಮೇಲೆ ಸಂಬಳ. ಹತ್ತರ ಶಾಲೆಯಲ್ಲಿ ಪಾಠ ಮಾಡಿದರೆ ಒಂದು ಡಾಲರೂ ಜಾಸ್ತಿ ಸಿಗುವುದಿಲ್ಲ. ಪಠ್ಯ ಒಂದೇ, ರಜೆಯ ಪಟ್ಟಿ ಒಂದೇ, ಆಡಳಿತ ಮಂಡಳಿಯೂ ಒಂದೇ. ಇನ್ನು ಮನೆ ಮಾರುವ ಜಾಲತಾಣಗಳಲ್ಲಿ ಕಾಣುವ ಆ ಸಂಖ್ಯೆ ಗ್ರೇಟ್‌ಸ್ಕೂಲ್ಸ್ ಅನ್ನುವ ಸಂಸ್ಥೆ ಕೊಡುವಂಥದ್ದು. ಅದು ಮುಖ್ಯವಾಗಿ ರಾಜ್ಯದ ಪರೀಕ್ಷೆಯ ಅಂಕದ ಮೇಲೆ ನಿಂತಿದೆ. ಆ ಪರೀಕ್ಷೆ ಎಲಿಮೆಂಟರಿಯಲ್ಲಿ ನಡೆಯುವುದು ಮೂರು, ನಾಲ್ಕು, ಐದನೇ ಕ್ಲಾಸಿಗೆ ಮಾತ್ರ. ಕಿಂಡರ್‌ಗಾರ್ಟನ್, ಒಂದು, ಎರಡು, ಈ ಮೂರು ವರ್ಷದ ಬಗ್ಗೆ ಅದು ಏನೂ ಹೇಳುವುದಿಲ್ಲ. ಐದು ವರ್ಷದ ಮಗುವಿಗೆ ನಾವು ಶಾಲೆ ಆರಿಸುವುದು ಬೇರೆ ಯಾರದೋ ಮಕ್ಕಳು ಹತ್ತನೇ ವಯಸ್ಸಿನಲ್ಲಿ ತೆಗೆದ ಅಂಕ ನೋಡಿ. ಆ ಮಕ್ಕಳಲ್ಲಿ ಎಷ್ಟು ಜನ ಸಂಜೆ ಕುಮೋನ್, ರಷ್ಯನ್ ಮ್ಯಾತ್ ಥರದ ಟ್ಯೂಷನ್‌ಗೆ ಹೋಗಿ ಆ ಅಂಕ ತೆಗೆದರು ಅನ್ನೋದು ಅಲ್ಲಿ ಬರೆದಿರುವುದಿಲ್ಲ.

ಸ್ಟ್ಯಾನ್‌ಫರ್ಡ್‌ನ ಶಾನ್ ರಿಯರ್ಡನ್ ಇಡೀ ಅಮೆರಿಕದ ಪರೀಕ್ಷೆ ಅಂಕಗಳನ್ನು ಒಟ್ಟು ಹಾಕಿ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಸರಾಸರಿ ಅಂಕ ಅಪ್ಪ ಅಮ್ಮನ ಆದಾಯ, ಓದಿನ ಜೊತೆಗೇ ಏರಿಳಿಯುತ್ತದೆ ಅಂತ ಅವರು ತೋರಿಸಿದರು. ಮೂರರಿಂದ ಎಂಟನೇ ಕ್ಲಾಸಿನವರೆಗೆ ಮಗು ಎಷ್ಟು ಬೆಳೆಯಿತು ಅನ್ನುವುದಕ್ಕೂ ಆದಾಯಕ್ಕೂ ಮಾತ್ರ ಅಷ್ಟು ನಂಟಿಲ್ಲ. ಎಲ್ಲರೂ ಬೈಯುತ್ತಿದ್ದ ಶಿಕಾಗೋದ ಸರ್ಕಾರಿ ಶಾಲೆಗಳ ಮಕ್ಕಳು ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತಿದ್ದರು. ಆ ಶಾಲೆಗಳ ಸರಾಸರಿ ಅಂಕ ನೋಡಿ ನಮ್ಮವರ್ಯಾರೂ ಅಲ್ಲಿ ಮನೆ ಕೊಳ್ಳುತ್ತಿರಲಿಲ್ಲ ಬಿಡಿ.

ಹಾಗಂತ ಒಂದೇ ಡಿಸ್ಟ್ರಿಕ್ಟಿನ ಶಾಲೆಗಳೆಲ್ಲ ಒಂದೇ ಥರ ಅಂತ ನಾನು ಹೇಳುತ್ತಿಲ್ಲ. ನಿಜವಾದ ವ್ಯತ್ಯಾಸ ಇರುವ ಕಡೆ ಇದೆ. ಇದೇ ಡಿಸ್ಟ್ರಿಕ್ಟಿನಲ್ಲಿ ಫಾರಿಯಾ ಅಂತ ಒಂದು ಶಾಲೆ. ಶಿಸ್ತು, ಹೋಂವರ್ಕ್, ಕ್ರಮವಾದ ಪಾಠಕ್ಕೆ ಹೆಸರುವಾಸಿ. ನಮ್ಮ ಊರಿನ ಹಳೇ ಮೇಷ್ಟ್ರುಗಳಿಗೆ ಬಹಳ ಇಷ್ಟ ಆಗುತ್ತಿತ್ತು. ಇನ್ನೊಂದು ಕ್ರಿಸ್ಟಾ ಮೆಕಾಲಿಫ್ ಶಾಲೆ. 1986ರಲ್ಲಿ ಚಾಲೆಂಜರ್ ನೌಕೆ ಸಿಡಿದಾಗ ತೀರಿಕೊಂಡ ಟೀಚರ್ ಹೆಸರು ಅದಕ್ಕೆ. ಅಲ್ಲಿ ಅಪ್ಪ ಅಮ್ಮಂದಿರೂ ಕ್ಲಾಸಿಗೆ ಬಂದು ಕೆಲಸ ಮಾಡಬೇಕು, ಮಕ್ಕಳು ಕೈಯಾರೆ ಮಾಡಿ ಕಲಿಯುತ್ತಾರೆ. ಮ್ಯಾಂಡರಿನ್ ಮಾಧ್ಯಮದ ಕಾರ್ಯಕ್ರಮವೂ ಒಂದಿದೆ. ಇವಕ್ಕೆ ನೆರೆಹೊರೆಯ ಗಡಿ ಇಲ್ಲ. ಡಿಸ್ಟ್ರಿಕ್ಟಿನೊಳಗೆ ಎಲ್ಲಿದ್ದರೂ ಅರ್ಜಿ ಹಾಕಬಹುದು, ಲಾಟರಿಯಲ್ಲಿ ಬಂದರೆ ಸೀಟು. ಹೋಲಿಸಬೇಕಾದದ್ದು ಇಂಥ ಕಡೆ ಅಲ್ವಾ? ಫಾರಿಯಾ, ಮೆಕಾಲಿಫ್ ಎರಡೂ ಒಂದೇ ತೆರಿಗೆಯ ದುಡ್ಡಿನಲ್ಲಿ ನಡೆಯುವ ಶಾಲೆಗಳು, ಆದರೆ ಕಲಿಸುವ ದಾರಿ ಬೇರೆ ಬೇರೆ. ತನ್ನ ಪಾಡಿಗೆ ತಾನು ಏನೋ ಬಿಚ್ಚಿ ಜೋಡಿಸುವ ಮಗು, ಇಂತಿಷ್ಟು ಹೊತ್ತಿಗೆ ಇಂಥದ್ದು ಅಂದರೆ ಮಾತ್ರ ನೆಮ್ಮದಿಯಾಗಿರುವ ಮಗು, ಇಬ್ಬರಿಗೂ ಒಂದೇ ಶಾಲೆ ಒಗ್ಗುವುದಿಲ್ಲ. ಆದರೆ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತು ಇದನ್ನು ಹೇಳಿ ನೋಡಿ, "ಫಾರಿಯಾ ರ‍್ಯಾಂಕ್ ಎಷ್ಟು?" ಅಂತಲೇ ಕೇಳುತ್ತಾರೆ.

ಅಂಕ ಬಿಟ್ಟು ಬೇರೇನು ನೋಡಬೇಕು ಅಂದರೆ, ರಾಜ್ಯ ಸರ್ಕಾರ ಶಾಲೆಗಳ ಲೆಕ್ಕ ತೋರಿಸುವ 'ಡ್ಯಾಶ್‌ಬೋರ್ಡ್' ಅನ್ನುವ ಜಾಲತಾಣ ಇದೆ. ಅದು ಶಾಲೆಗೆ ಒಂದೇ ಸಂಖ್ಯೆ ಕೊಡುವುದಿಲ್ಲ. ಒಂದೊಂದು ವಿಷಯಕ್ಕೂ ಕೆಂಪಿನಿಂದ ನೀಲಿವರೆಗೆ ಬಣ್ಣ ಕೊಡುತ್ತದೆ, ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ ಅನ್ನೋದೂ ಅದರಲ್ಲಿ ಸೇರಿರುತ್ತದೆ. ಅಲ್ಲಿ ಗೈರುಹಾಜರಿಯ ಲೆಕ್ಕವೂ ಸಿಗುತ್ತದೆ. ಶಾಲೆಯ ದಿನಗಳಲ್ಲಿ ನೂರಕ್ಕೆ ಹತ್ತು, ಅಂದರೆ ವರ್ಷದ 180 ದಿನದಲ್ಲಿ 18 ದಿನ ತಪ್ಪಿಸಿದರೆ ಆ ಮಗು ಅದರಲ್ಲಿ ಸೇರುತ್ತದೆ. ಅಕ್ಕನ ಮದುವೆ, ಉಪನಯನ ಅಂತ ಡಿಸೆಂಬರ್ ರಜೆಯ ಎರಡೂ ಬದಿಗೆ ಎರಡೆರಡು ವಾರ ಸೇರಿಸಿ ಊರಿಗೆ ಹೋಗುವ ನಮ್ಮವರು ಇದನ್ನು ಗಮನಿಸಬೇಕು. ಕ್ಯಾಲಿಫೋರ್ನಿಯಾದ ಹೆಚ್ಚಿನ ಡಿಸ್ಟ್ರಿಕ್ಟುಗಳಿಗೆ ರಾಜ್ಯದ ದುಡ್ಡು ಬರುವುದು ಹಾಜರಿಯ ಲೆಕ್ಕದಲ್ಲಿ. ಒಳ್ಳೆ ಶಾಲೆ ಬೇಕು ಅಂತ ಸಾಲ ಮಾಡಿ ಮನೆ ಕೊಳ್ಳುವವರೂ ನಾವೇ, ಅದರ ಹಾಜರಿ ತಗ್ಗಿಸುವವರೂ ನಾವೇ.

ಇನ್ನೊಂದು ವಿಷಯವೂ ಇದೆ. ಸೇರಿಸುವ ಅರ್ಜಿಯಲ್ಲಿ ಮನೆಮಾತು ಯಾವುದು ಅಂತ ಕೇಳುತ್ತಾರೆ. ಕನ್ನಡ ಅಂತ ಬರೆದರೆ ಮಗುವಿಗೆ ಎಲ್‌ಪ್ಯಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಅದು ಬೇಡ ಅಂತ ಸುಮ್ನೆ 'ಇಂಗ್ಲಿಷ್' ಎಂದು ಬರೆಯುವವರು ಬೇಕಾದಷ್ಟು. 2013ರಲ್ಲಿ ಬಂದ ಅನುದಾನದ ಹೊಸ ಲೆಕ್ಕದ ಪ್ರಕಾರ, ಇಂಗ್ಲಿಷ್ ಕಲಿಯುತ್ತಿರುವ ಒಂದೊಂದು ಮಗುವಿನ ಲೆಕ್ಕದಲ್ಲೂ ಡಿಸ್ಟ್ರಿಕ್ಟಿಗೆ ಶೇಕಡ 20ರಷ್ಟು ಹೆಚ್ಚು ದುಡ್ಡು ಸಿಗುತ್ತದೆ. ಕನ್ನಡ ಅಂತ ಬರೆದರೆ ನಷ್ಟ ಏನೂ ಇಲ್ಲ, ಬರೆಯದಿದ್ದರೆ ಶಾಲೆಗೆ ಆ ದುಡ್ಡು ತಪ್ಪಬಹುದು.

ಊರಿನ ಜೊತೆ ಹೋಲಿಸಿದರೆ ಎಲ್ಲದರಲ್ಲೂ ಇಲ್ಲಿಯದೇ ಮೇಲು ಅನ್ನಲಾರೆ. ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಪುಕ್ಕಟೆ ಊಟ ಅನ್ನುವ ರಾಜ್ಯದ ಯೋಜನೆ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದದ್ದು 2022ರಲ್ಲಿ. ಕರ್ನಾಟಕದ ಅಕ್ಷರ ದಾಸೋಹ ಶುರುವಾಗಿದ್ದು 2002ರಲ್ಲೇ. ಬಿಸಿ ಅನ್ನ ಸಾರಿನ ಮುಂದೆ ಇಲ್ಲಿನ ಪ್ಲಾಸ್ಟಿಕ್ ಸುತ್ತಿದ ಪಿಜ್ಜಾ ಯಾವ ಲೆಕ್ಕ! ಆದರೆ ಒಂದನ್ನು ಒಪ್ಪಲೇಬೇಕು. ಇಲ್ಲಿ ಎಂಜಿನಿಯರ್ ಮಗುವೂ ಸರ್ಕಾರಿ ಶಾಲೆಗೇ ಹೋಗುತ್ತದೆ. ಊರಲ್ಲಿ ಅದೇ ಎಂಜಿನಿಯರ್ ಸರ್ಕಾರಿ ಶಾಲೆಯ ಗೇಟು ನೋಡುವುದು ವೋಟು ಹಾಕುವ ದಿನ.

ಶಾಲೆ ಮುಚ್ಚುವುದು ಮಾತ್ರ ಎರಡೂ ಕಡೆ ಇದೆ. ಊರಲ್ಲಿ ಮಕ್ಕಳು ಖಾಸಗಿ ಇಂಗ್ಲಿಷ್ ಶಾಲೆಗೆ ಹೋದರು ಅಂತ ಕನ್ನಡ ಶಾಲೆ ಮುಚ್ಚುತ್ತದೆ. ಇಲ್ಲಿ? ಕ್ಯುಪರ್ಟಿನೊ ಡಿಸ್ಟ್ರಿಕ್ಟಿನಲ್ಲಿ 2013ರ ಸುಮಾರಿಗೆ 19 ಸಾವಿರದಷ್ಟು ಮಕ್ಕಳಿದ್ದರು. ಹತ್ತು ವರ್ಷದೊಳಗೆ ಅದು 14 ಸಾವಿರಕ್ಕಿಂತ ಕೆಳಗಿಳಿಯಿತು. 2022ರಲ್ಲಿ ರೆಗ್ನಾರ್ಟ್, ಮೈಯರ್‌ಹೋಲ್ಜ್ ಎರಡು ಎಲಿಮೆಂಟರಿಗಳನ್ನು ಮುಚ್ಚಿದರು. ರೆಗ್ನಾರ್ಟ್ ಅಂಕದಲ್ಲಿ ಯಾವ ಶಾಲೆಗೂ ಕಡಿಮೆ ಇರಲಿಲ್ಲ. ಅಂಕಕ್ಕಾಗಿ ಮನೆ ಬೆಲೆ ಏರಿತು, ಬೆಲೆ ಏರಿದ ಮೇಲೆ ಪುಟ್ಟ ಮಕ್ಕಳಿರುವ ಹೊಸ ಸಂಸಾರಗಳು ಬರುವುದು ಕಡಿಮೆಯಾಯಿತು, ಇದ್ದವರ ಮಕ್ಕಳು ಕಾಲೇಜಿಗೆ ಹೋದರು. ಹುಟ್ಟುವ ಮಕ್ಕಳೂ ಕಡಿಮೆಯಾಗಿದ್ದಾರೆ, ನಿಜ. ಆದರೆ ಮನೆ ಬೆಲೆಯನ್ನು ಲೆಕ್ಕದಿಂದ ಬಿಟ್ಟರೆ ಈ ಕಥೆ ಅರ್ಥವೇ ಆಗುವುದಿಲ್ಲ.

ಕ್ಯುಪರ್ಟಿನೊದ ಹಳೇ ವಾಲ್ಕೊ ಮಾಲ್ ಜಾಗದಲ್ಲಿ ಮನೆ ಕಟ್ಟುವ ಜಗಳ ವರ್ಷಗಟ್ಟಲೆ ನಡೆಯಿತು. ಅಪಾರ್ಟ್‌ಮೆಂಟ್ ಬಂದರೆ ಶಾಲೆಗಳು ತುಂಬಿ ತುಳುಕುತ್ತವೆ ಅನ್ನುವುದು ಆಗ ಬೇಡ ಅಂದವರ ದೊಡ್ಡ ವಾದಗಳಲ್ಲೊಂದು. ಈಗ ಕ್ಲಾಸ್‌ರೂಮುಗಳು ಖಾಲಿ ಇವೆ. ಆದರೂ ನಮ್ಮವರ ಬಾಯಲ್ಲಿ ಅದೇ ಮಾತು ಕೇಳುತ್ತೇನೆ, "ಅಪಾರ್ಟ್‌ಮೆಂಟ್ ಮಕ್ಕಳು ಬಂದರೆ ರೇಟಿಂಗ್ ಇಳಿಯುತ್ತೆ." ಹೀಗನ್ನುವ ಎಷ್ಟೋ ಜನ ಈ ದೇಶಕ್ಕೆ ಬಂದ ಹೊಸದರಲ್ಲಿ ಇದ್ದದ್ದು ಅಂಥದ್ದೇ ಅಪಾರ್ಟ್‌ಮೆಂಟಿನಲ್ಲಿ.