40 ದಾಟಿದ ಗೋಲ್‌ಕೀಪರ್ ಕ್ರೇಗ್ ಗಾರ್ಡನ್‌ಗೆ ಸ್ಕಾಟ್ಲೆಂಡ್ ಫುಟ್‌ಬಾಲ್ ತಂಡದ ಗೋಲು ಕಾಯುವ ಕೆಲಸ ಒಪ್ಪಿಸಿದ್ದು ಸರಿಯೇ?

ಪರ: ನಿಲ್ಲುವ ಜಾಗ ಗೊತ್ತಿದ್ದವನಿಗೆ ಹಾರಾಟ ಕಡಿಮೆ ಸಾಕು

ಗೋಲ್‌ಕೀಪರನ ವಯಸ್ಸನ್ನು ಸ್ಟ್ರೈಕರನ ವಯಸ್ಸಿನಂತೆ ಎಣಿಸಬಾರದು. ಗೋಲಿನ ಅಗಲ 7.32 ಮೀಟರ್. ಗಂಟೆಗೆ 90 ಕಿ.ಮೀ. ವೇಗದ ಚೆಂಡಿಗೆ 11 ಮೀಟರ್ ದಾಟಲು ಅರ್ಧ ಸೆಕೆಂಡೂ ಬೇಡ. ಅಷ್ಟರಲ್ಲಿ ಕಂಬದಿಂದ ಕಂಬಕ್ಕೆ ಹಾರುವುದು 20ರ ಹುಡುಗನಿಗೂ ಆಗದು. ಎದುರಾಳಿ ಕಾಲೆತ್ತುವ ಮೊದಲೇ ಎರಡು ಹೆಜ್ಜೆ ಮುಂದೆ ಬಂದು ಕೋನ ಕಿರಿದು ಮಾಡಬೇಕು. ಒದೆಯುವ ಕ್ಷಣಕ್ಕೆ ಎರಡೂ ಪಾದ ನೆಲದಲ್ಲಿರಬೇಕು. ಆಗ ಹೆಜ್ಜೆ ಹಾಕುತ್ತಲೇ ಇದ್ದವನು ತಪ್ಪು ಕಾಲಿನ ಮೇಲೆ ಸಿಕ್ಕಿಬೀಳುತ್ತಾನೆ. ಈ ಅಂದಾಜು ಆಡಿ ಆಡಿಯೇ ಬರುವಂಥದ್ದು.

ಗಾರ್ಡನ್ ಆಡಿದ್ದಾದರೂ ಎಷ್ಟು! ಸ್ಕಾಟ್ಲೆಂಡಿನ ಹಾರ್ಟ್ಸ್ ಕ್ಲಬ್ ಪರ 2006ರ ಸ್ಕಾಟಿಷ್ ಕಪ್ ಗೆಲುವು. 2007ರಲ್ಲಿ 90 ಲಕ್ಷ ಪೌಂಡ್‌ಗೆ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕ್ಲಬ್ಬಿಗೆ, ಅಂದಿಗೆ ಬ್ರಿಟನ್ನಿನಲ್ಲಿ ಗೋಲ್‌ಕೀಪರ್‌ಗೆ ಸಂದ ಅತಿ ದೊಡ್ಡ ಮೊತ್ತ. 2010ರ ಡಿಸೆಂಬರ್‌ನಲ್ಲಿ ಬೋಲ್ಟನ್‌ನ ಝಾಟ್ ನೈಟ್ ಕೆಲವೇ ಗಜ ದೂರದಿಂದ ಒದ್ದ ಚೆಂಡನ್ನು ತಡೆದದ್ದು ಪ್ರೀಮಿಯರ್ ಲೀಗಿನ ಮೊದಲ 20 ಋತುಗಳ ಅತ್ಯುತ್ತಮ ಸೇವ್ ಎಂದು ಆಯ್ಕೆಯಾಯಿತು. ಆಮೇಲೆ ಮಂಡಿಚಿಪ್ಪಿನ ಸ್ನಾಯುರಜ್ಜು ಕೈಕೊಟ್ಟು ಎರಡು ವರ್ಷ ಆಟವೇ ಇಲ್ಲ. 2014ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ ಸೇರಿ, 2016-17ರಲ್ಲಿ ದೇಶೀಯ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮೂರೂ ಪ್ರಶಸ್ತಿ ಗೆದ್ದ ತಂಡದ ಗೋಲು ಕಾದರು. 2022ರ ಡಿಸೆಂಬರ್ 24ರಂದು ಕಾಲು ಮುರಿಯಿತು. 2024ರ ಜನವರಿಯಲ್ಲಿ ಮತ್ತೆ ಮೈದಾನದಲ್ಲಿದ್ದರು.

2025ರ ನವೆಂಬರ್‌ನಲ್ಲಿ, 42ರ ವಯಸ್ಸಿನಲ್ಲಿ, ಡೆನ್ಮಾರ್ಕ್ ವಿರುದ್ಧ ಗ್ಲಾಸ್ಗೋದ ಹ್ಯಾಂಪ್‌ಡೆನ್ ಮೈದಾನದಲ್ಲಿ ಸ್ಕಾಟ್ಲೆಂಡಿನ ಗೋಲಿನಲ್ಲಿ ನಿಂತವರೂ ಅವರೇ. 4-2 ಗೆಲುವು, 1998ರ ನಂತರ ಮೊದಲ ವಿಶ್ವಕಪ್ ಅರ್ಹತೆ. ಅಂಥ ರಾತ್ರಿ ತಮ್ಮದೇ ತಂಡದ ಡಿಫೆಂಡರ್‌ಗಳಿಗೆ ಬೇಕಾದದ್ದು ಹಿಂದಿನಿಂದ ಬರುವ ನೆಚ್ಚಿನ ದನಿ.

ವಿರೋಧ: ಪಂದ್ಯದ ಲಯಕ್ಕೆ ಅನುಭವ ಬದಲಿಯಲ್ಲ

ಗಾರ್ಡನ್ ದೊಡ್ಡ ಗೋಲ್‌ಕೀಪರ್. ಇಲ್ಲಿನ ತಕರಾರು ಆಯ್ಕೆಯ ಬಗ್ಗೆ.

ನಿಲ್ಲುವ ಜಾಗ ಅನುಭವದಿಂದ ಬರುತ್ತದೆ, ಒಪ್ಪೋಣ. ಆದರೆ ಚೆಂಡು ಪೆನಾಲ್ಟಿ ಆವರಣದೊಳಗೆ ಜಾರಿ ಬಂದಾಗ ಮುನ್ನುಗ್ಗಬೇಕೋ ಗೆರೆಯಲ್ಲೇ ಉಳಿಯಬೇಕೋ ಎಂಬ ತೀರ್ಮಾನ ವಾರವಾರ ಆಡುತ್ತಿದ್ದರೆ ಮಾತ್ರ ಮೊನಚಾಗಿರುತ್ತದೆ. ತರಬೇತಿಯಲ್ಲಿ ಯಾರೂ ಗೋಲ್‌ಕೀಪರನಿಗೆ ಡಿಕ್ಕಿ ಹೊಡೆಯುವುದಿಲ್ಲ, ಹಾಗಾಗಿ ಅಲ್ಲಿ ಅದು ಹದಗೊಳ್ಳದು. ಅರ್ಧ ಹೆಜ್ಜೆ ತಡವಾದರೂ ಕೈ ಚೆಂಡಿಗೆ ಸಿಗುವ ಬದಲು ಆಟಗಾರನ ಕಾಲಿಗೆ ಸಿಗುತ್ತದೆ.

2024ರ ಜೂನ್ 7ರಂದು ಫಿನ್ಲೆಂಡ್ ವಿರುದ್ಧ ಆದದ್ದು ಅದೇ. ಸ್ಕಾಟ್ಲೆಂಡ್ 2-0 ಮುಂದಿದ್ದಾಗ ಬದಲಿಯಾಗಿ ಬಂದ ಗಾರ್ಡನ್, ಡೇವಿಡ್ ವೇರ್ ದಾಖಲೆ ಮುರಿದು ದೇಶದ ಪುರುಷರ ತಂಡದ ಅತಿ ಹಿರಿಯ ಆಟಗಾರರಾದರು. ಆದರೆ ಒಂದು ಗೋಲು ಹೋಗಿ, ಮುನ್ನುಗ್ಗಿದಾಗ ಪೆನಾಲ್ಟಿಯೂ ಆಗಿ ಪಂದ್ಯ 2-2ರಲ್ಲಿ ಮುಗಿಯಿತು. ತರಬೇತುದಾರ ಸ್ಟೀವ್ ಕ್ಲಾರ್ಕ್, ಗಾರ್ಡನ್‌ರನ್ನು ಯೂರೋ (ಯುರೋಪಿನ ದೇಶಗಳ ಟೂರ್ನಿ) ತಂಡದಿಂದ ಕೈಬಿಟ್ಟದ್ದು ನೋವಿನ ನಿರ್ಧಾರ, ಆದರೂ ಸರಿ.

ಡೆನ್ಮಾರ್ಕ್ ಪಂದ್ಯದ ಹೊತ್ತಿಗೆ ಆ ಋತುವಿನಲ್ಲಿ ಅವರು ಕ್ಲಬ್ಬಿಗೆ ಒಂದು ಪಂದ್ಯವನ್ನೂ ಆಡಿರಲಿಲ್ಲ. ಗೆದ್ದದ್ದು ಸಹ ಆಟಗಾರರು ಹೊಡೆದ ನಾಲ್ಕು ಗೋಲುಗಳಿಂದ. ಮೂರು ದಿನ ಮೊದಲು ಗ್ರೀಸ್‌ನಲ್ಲಿ ಮೂರು ಗೋಲು ಹೋಗಿದ್ದವು. ಅದರ ತಪ್ಪೆಲ್ಲ ಅವರದಲ್ಲ, ಆದರೆ ಫಲಿತಾಂಶದಿಂದ ಆಯ್ಕೆಯನ್ನು ಸಮರ್ಥಿಸುವವರು ಆ ರಾತ್ರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿರ್ಣಾಯಕ ಪಂದ್ಯಗಳನ್ನೆಲ್ಲ 42ರವರೇ ಆಡಿದರೆ, ಮುಂದಿನವನು ಅವಸರದಲ್ಲಿ ಗೋಲಿಗೆ ಇಳಿಯುವ ದಿನ ಅವನ ಬೆನ್ನಿಗೆ ಅಂಥ ಒಂದು ಪಂದ್ಯವೂ ಇರುವುದಿಲ್ಲ.