ಎರಡು ಬೆರಳು ವಾಟ

ಹಾಸಿಗೆ ಇನ್ನೂ ಒಣಗಿಲ್ಲ. ಬೆಳಗ್ಗೆಯಿಂದ ಮೂರು ಸಲ ಮಗುಚಿ ಹಾಕಿದ್ದೇನೆ. ಮೂರನೇ ಸಲ ಮಗುಚುವಾಗ ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಆಚೆಯಿಂದ ಹಾಸಿಗೆಯನ್ನೂ ನನ್ನನ್ನೂ ನೋಡಿ, ಬಹಳ ಮರುಕದಿಂದ, "ಮನೆಗೆ ಯಾರೋ ಪುಟ್ಟ ಮಗು ಬಂದಿರೋ ಹಾಗಿದೆ" ಅಂದರು. ಹೂಂ ಅಂದೆ. ಇದು ಏಸಿ ಮಾಡಿದ ಕೆಲಸ ಅಂತ ಅಜ್ಜಿಗೆ ಹೇಗೆ ಹೇಳೋದು?

ಹಾಸಿಗೆ ಮನೆಯದ್ದಲ್ಲ, ಟ್ರೇಲರಿನದ್ದು. ಕಾರಿನ ಹಿಂದೆ ಎಳೆದುಕೊಂಡು ಹೋಗಿ, ಬೇಕಾದಲ್ಲಿ ನಿಲ್ಲಿಸಿ ಮಲಗೋಕೆ ಅಂತ ನಾನೂ ಭಾಮೈದನೂ ಸೇರಿ ಕಟ್ಟಿದ ಡಬ್ಬ. ಎಂಟಡಿ ಉದ್ದ, ನಾಲ್ಕಡಿ ಅಗಲ. ಪ್ಲೈವುಡ್ ಶೀಟ್ ಬರೋದೇ ಆ ಅಳತೆಯಲ್ಲಿ, ನಾವು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಎತ್ತರವೂ ನಾಲ್ಕಡಿ. ಒಳಗೆ ಮಲಗಬಹುದು, ಕೂರಬಹುದು. ನಿಲ್ಲೋ ಆಸೆಯಾದರೆ ಹೊರಗೆ ಬರಬೇಕು. ಚಿಕ್ಕವರಿದ್ದಾಗ ಮಂಚದಿಂದ ಹೊದಿಕೆ ಇಳಿಬಿಟ್ಟು, ಅದರಡಿ ತೂರಿಕೊಂಡು ಮನೆ ಆಟ ಆಡ್ತಿದ್ದೆವಲ್ಲ, ಅದೇ ಇದು. ಚಕ್ರ ಒಂದು ಜಾಸ್ತಿ.

ಆಗ ಸೆಕೆ ಅನ್ನೋದು ಗೊತ್ತೇ ಆಗ್ತಿರಲಿಲ್ಲ. ಈಗ ಚೆನ್ನಾಗಿ ಗೊತ್ತಾಗುತ್ತೆ. ಸುಮ್ನೆ ಮಲಗಿದ ಮನುಷ್ಯನ ಮೈ ಕೂಡ ಹಳೇ ಕಾಲದ 60 ವ್ಯಾಟ್ ಬಲ್ಬಿಗಿಂತ ಜಾಸ್ತಿ ಬಿಸಿ ಬಿಡುತ್ತೆ. ಮುಚ್ಚಿದ ಡಬ್ಬದಲ್ಲಿ ಅಂಥ ಎರಡು ಬಲ್ಬು, ಅದರಲ್ಲಿ ಒಂದಕ್ಕೆ ಗೊರಕೆ ಬೇರೆ. ಮೊದಲ ರಾತ್ರಿ ಕಳೆದ ಮೇಲೆ ಹೆಂಡತಿ, "ರೀ, ಇನ್ನೊಂದು ರಾತ್ರಿ ನಾನು ಇದರಲ್ಲಿ ಮಲಗಲ್ಲ" ಅಂದಳು. ಏಸಿ ಅಂತ ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

5,000 ಬಿಟಿಯು ಏಸಿ ತಂದೆವು, ಕಿಟಕಿಗೆ ಕೂರಿಸೋ ಪುಟ್ಟದ್ದು. ಬಿಟಿಯು ಅನ್ನೋದು ಶಾಖದ ಅಳತೆ, ಏಸಿ ಗಂಟೆಗೆ ಎಷ್ಟು ಶಾಖ ಆಚೆ ಹಾಕುತ್ತೆ ಅಂತ ಇದರಲ್ಲೇ ಹೇಳ್ತಾರೆ. ಒಂದು ಟನ್ ಅಂದರೆ 12,000 ಬಿಟಿಯು, ಹಾಗಾಗಿ ಇದು ಅರ್ಧ ಟನ್ನಿಗೂ ಕಮ್ಮಿ. ಈ ಟನ್ನು ಏಸಿಯ ತೂಕ ಅಲ್ಲ. ಒಂದು ಟನ್ ಐಸು 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತೋ ಅಷ್ಟು ಅಂತ ಲೆಕ್ಕ. ಇಷ್ಟು ವರ್ಷ ನಾನು ತೂಕ ಅಂದುಕೊಂಡೇ ತಲೆ ಆಡಿಸುತ್ತಿದ್ದೆ. ಬ್ಯಾಟರಿಯಲ್ಲೇ ಓಡಿಸೋಣ ಅಂತಲೂ ಒಂದು ಆಸೆ ಇತ್ತು. 12 ವೋಲ್ಟು, 100 ಆಂಪಿಯರ್-ಅವರ್ ಬ್ಯಾಟರಿ ಅಂದರೆ 1,200 ವ್ಯಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ನಮ್ಮ ಏಸಿ ತಿನ್ನೋದು 450 ವ್ಯಾಟ್. ಒಂದು ಗಂಟೆ ತಂಪು, ಉಳಿದ ರಾತ್ರಿಯೆಲ್ಲ ಆ ತಂಪಿನ ನೆನಪು. ಕರೆಂಟ್ ಪಾಯಿಂಟ್ ಇರೋ ಕಡೆಯೇ ಕ್ಯಾಂಪ್ ಹಾಕೋದು ಅಂತ ತೀರ್ಮಾನ ಆಯ್ತು.

ಈಗ ಭಾಮೈದನ ವಿಷಯ. ಅವನ ಸೊಂಟದಲ್ಲಿ ಯಾವಾಗಲೂ ಅಳತೆ ಟೇಪ್ ಇರುತ್ತೆ. ಪ್ಯಾಂಟ್ ಬದಲಾದರೂ ಟೇಪ್ ಬದಲಾಗಲ್ಲ. ಆದರೆ ಅದನ್ನು ಎಳೆದು ಅಳೆದದ್ದನ್ನು ನಾನು ಈವರೆಗೆ ನೋಡಿಲ್ಲ. ಅವನದ್ದೆಲ್ಲ ಕಣ್ಣಳತೆ. ಎಡಗಣ್ಣು ಮುಚ್ಚಿ, ಕತ್ತು ಓರೆ ಮಾಡಿ, ನಾಲಿಗೆ ತುದಿ ಹೊರಗೆ ಹಾಕಿ, ಎರಡು ನಿಮಿಷ ಗೋಡೆಯನ್ನೇ ನೋಡ್ತಾನೆ. ಆಮೇಲೆ, "ಎರಡು ಬೆರಳು" ಅಂತಾನೆ. ಬಾಗಿಲು ಎಷ್ಟು ಹೆರೀಬೇಕೋ? ಎರಡು ಬೆರಳು ಭಾವ. ಕೊಂಡಿ ಎಷ್ಟು ಮೇಲೆ ಹಾಕಲಿ? ಎರಡು ಬೆರಳು. ಕೂದಲು ಎಷ್ಟು ಕತ್ತರಿಸಲಿ ಅಂತ ಕೇಳಿದವನಿಗೂ ಅದೇ ಉತ್ತರ ಕೊಟ್ಟು, ಒಂದು ತಿಂಗಳು ಟೋಪಿ ಹಾಕಿಕೊಂಡು ಓಡಾಡಿದ. ಏಸಿಗೆ ಅಂತ ಪ್ಲೈವುಡ್ಡಿನಲ್ಲಿ ಕೊರೆದ ಕಿಂಡಿ ಎಷ್ಟು ದೊಡ್ಡದಾಯ್ತು ಅಂತ ನೀವೇ ಊಹಿಸಿ. ಆ ಸಂದಿಗೆ ನಾನು ಫೋಮ್ ತುರುಕಿದೆ. ತುರುಕುವಾಗ ಏನೇನು ಗೊಣಗಿದೆ ಅನ್ನೋದು ಇಲ್ಲಿ ಬೇಡ.

ನನ್ನ ದಾರಿ ಬೇರೆ. ನನ್ನ ಹತ್ತಿರ ಅಪ್ಪನ ರಸಮಟ್ಟ ಇದೆ. ಅಪ್ಪ ಗೋಡೆಗೆ ಒಂದು ಫೋಟೊ ನೇತುಹಾಕಿದರೂ ಅದರ ಮೇಲೆ ರಸಮಟ್ಟ ಇಟ್ಟು ನೋಡುತ್ತಿದ್ದರು. ಗಾಜಿನೊಳಗಿನ ಗುಳ್ಳೆ ತೂರಾಡಿ, ಕೊನೆಗೆ ಎರಡು ಗೆರೆಗಳ ನಡುವೆ ಬಂದು ನಿಂತಾಗ, ಮೂಗಿನಲ್ಲೇ ಒಂದು 'ಹೂಂ' ಬರುತ್ತಿತ್ತು. ಅಪ್ಪ ಹೋಗಿ ತುಂಬ ವರ್ಷ ಆಯ್ತು. ಗುಳ್ಳೆ ನಡುವೆ ನಿಂತರೆ ನನಗೆ ಈಗಲೂ ಆ 'ಹೂಂ' ಕೇಳಿಸುತ್ತೆ.

ಮೊದಲ ಸಲ ಏಸಿಯನ್ನು ಗೋಡೆಯ ಸಮಕ್ಕೆ ಕೂರಿಸಿದೆವು, ಹೊರಗಿನಿಂದ ನೋಡೋಕೆ ಚೆನ್ನಾಗಿ ಕಾಣಲಿ ಅಂತ. ಕಾಣಿಸಿತು. ಆದರೆ ಅದರ ಪಕ್ಕದ ಕಿಂಡಿಗಳೆಲ್ಲ ಒಳಗೆ ನಾವೇ ಮಾಡಿದ್ದ ಗೂಡಿನಲ್ಲಿ ಮುಚ್ಚಿಹೋದವು. ಹೊರಗಿನ ಗಾಳಿ ಎಳೆದುಕೊಳ್ಳೋದೇ ಆ ಕಿಂಡಿಗಳಿಂದ. ಪಾಪ, ತಾನು ಬಿಟ್ಟ ಬಿಸಿಯುಸಿರನ್ನೇ ಮತ್ತೆ ಎಳೆದುಕೊಂಡು ಹದಿನೈದು ನಿಮಿಷಕ್ಕೆ ಬಂದ್ ಆಯ್ತು. ಎಲ್ಲ ಬಿಚ್ಚಿ, ಒಂದು ಗೇಣು ಆಚೆ ತಳ್ಳಿದೆವು. ಎರಡನೇ ಸಲ ಕೂರಿಸುವಾಗ ಭಾಮೈದ ಏಸಿಯ ಒಳಬದಿಯ ಕೆಳಗೆ ಒಂದು ಮರದ ಪಟ್ಟಿ ಸಿಕ್ಕಿಸಿದ. ಯಾಕೋ ಅಂದೆ. ಎಡಗಣ್ಣು ಮುಚ್ಚಿ ಏಸಿಯನ್ನೇ ನೋಡುತ್ತಾ, "ಇರಲಿ ಭಾವ" ಅಂದ.

ಅವನು ಹೋದ ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ಓಡಿಹೋಗಿ ಒಂದು ತುದಿಗೆ ಅಂಟಿಕೊಂಡಿತು. ಅಯ್ಯೋ, ಇವನ ಕಣ್ಣಳತೆಗೆ ಬೆಂಕಿ ಬೀಳ. ಪಟ್ಟಿ ಕಿತ್ತು ಬಿಸಾಕಿದೆ. ಗುಳ್ಳೆ ನಡುವೆ ಬಂತು. ಹೂಂ.

ಮೊನ್ನೆ ರಾತ್ರಿ ಕ್ಯಾಂಪಿನಲ್ಲಿ ಇನ್ನೊಂದು ಘನಕಾರ್ಯ ಮಾಡಿದೆ. ತಲೆ ಕಡೆ ಸ್ವಲ್ಪ ಎತ್ತರ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತೆ ಅಲ್ವಾ? ಟ್ರೇಲರಿನ ಮುಂದಿನ ಜಾಕಿಯನ್ನು ನಾಲ್ಕು ಸುತ್ತು ತಿರುಗಿಸಿ ಮುಂಭಾಗ ಎತ್ತಿದೆ. ನಮ್ಮ ತಲೆ ಇರೋದು ಮುಂದಿನ ಗೋಡೆ ಕಡೆ. ಏಸಿ ಇರೋದೂ ಅದೇ ಗೋಡೆಯಲ್ಲಿ, ತಲೆಯ ನೇರಕ್ಕೆ ಮೇಲೆ.

ಎರಡು ಗಂಟೆಗೆ ಹಣೆ ಮೇಲೆ ಒಂದು ಹನಿ. ಒರೆಸಿಕೊಂಡು ಮಗ್ಗುಲಾದೆ. ಕಿವಿಯೊಳಗೆ ಇನ್ನೊಂದು. ಆಮೇಲೆ ಲೆಕ್ಕ ತಪ್ಪಿತು. ಹೆಂಡತಿ ನಿದ್ದೆಗಣ್ಣಲ್ಲೇ, "ಮಳೆ ರೀ, ಮಾಡು ಸೋರ್ತಿದೆ" ಅಂದಳು. ಅಂದವಳೇ ಕಾಲ ಬಳಿ ಇದ್ದ ಕೊಡೆ ತೆಗೆದು ಮಲಗಿದಲ್ಲೇ ಬಿಚ್ಚಿದಳು. ನಾಲ್ಕಡಿ ಡಬ್ಬದಲ್ಲಿ ಕೊಡೆ ಬಿಚ್ಚಿಕೊಂಡರೆ ಉಳಿದವರಿಗೆ ಜಾಗ ಇರಲ್ಲ. ಒಂದು ಕಡ್ಡಿ ನನ್ನ ಮೂಗಿನ ಹೊಳ್ಳೆಗೆ ಬಂತು, ಇನ್ನೊಂದು ಪ್ಲೈವುಡ್ಡಿಗೆ ನೆಟ್ಟಿತು. ಅವಳು ಕೊಡೆಯಡಿ ಮತ್ತೆ ನಿದ್ದೆ ಹೋದಳು. ಕೊಡೆ ಮೇಲೆ ಬಿದ್ದ ನೀರೆಲ್ಲ ಕ್ರಮವಾಗಿ ನನ್ನ ಕಡೆ ಇಳಿಯಿತು. ನಾನು ಮುದುಡಿಕೊಂಡು ಬಾಗಿಲ ಸಂದಿಯಿಂದ ಹೊರಗೆ ನೋಡಿದೆ. ಆಕಾಶ ತುಂಬ ನಕ್ಷತ್ರ.

ಫೋನಿನಲ್ಲಿ ಹುಡುಕಿದೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ಈ ಯಂತ್ರವನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲವಂತೆ. ಬ್ರೂಕ್ಲಿನ್ನಿನ ಒಂದು ಪ್ರೆಸ್ಸಿನಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಆ ಗಾಳಿಯ ತೇವ ಹಿಂಡೋಕೆ ಅಂತ ಮಾಡಿದ್ದು. ನಮ್ಮ ಏಸಿಯೂ ಅದನ್ನೇ ಶ್ರದ್ಧೆಯಿಂದ ಮಾಡ್ತಿತ್ತು. ಇಬ್ಬರ ಉಸಿರು, ಇಬ್ಬರ ಬೆವರು, ಎಲ್ಲ ಹಿಂಡಿ ತಟ್ಟೆಗೆ ತುಂಬಿ, ವಾಪಸ್ ನನಗೇ ಒಪ್ಪಿಸುತ್ತಿತ್ತು.

ಭಾಮೈದನಿಗೆ ಫೋನ್ ಮಾಡಿದೆ. ಎರಡೂವರೆಗೆ ಫೋನ್ ಬಂದರೂ ಅವನು ಗಾಬರಿಯಾಗಲಿಲ್ಲ.

"ಒಳಗೆ ನೀರು ಸುರೀತಿದ್ಯಾ ಭಾವ? ಪಟ್ಟಿ ಇದೆಯಾ ನೋಡಿ."

ನಾನು ಮಾತಾಡಲಿಲ್ಲ.

"ಏಸಿ ಹಿಂದಕ್ಕೆ ಸ್ವಲ್ಪ ವಾಲಿರಬೇಕು ಭಾವ, ನೀರು ಆಚೆ ಹೋಗೋಕೆ. ಬಚ್ಚಲಿಗೆ ವಾಟ ಕೊಡಲ್ವಾ?"

"ಎಷ್ಟು ಕೊಡಬೇಕಿತ್ತೋ?" ಅಂದೆ. ಕೇಳಬಾರದಿತ್ತು.

ಬೇಕಿದ್ದರೆ ಅವನು ನಗಬಹುದಿತ್ತು. ನಗಲಿಲ್ಲ. ಅದೇ ಜಾಸ್ತಿ ಉರಿಸಿದ್ದು. ಭಾನುವಾರ ಬಂದು ಪಟ್ಟಿ ಸಿಕ್ಕಿಸಿ ಕೊಡ್ತೀನಿ, ನೀವು ಏನೂ ಮುಟ್ಟಬೇಡಿ ಅಂದಿದ್ದಾನೆ. ರಸಮಟ್ಟವನ್ನು ಕಪಾಟಿನಲ್ಲಿಟ್ಟಿದ್ದೇನೆ. ಇಡುವಾಗ ಕಪಾಟಿನ ಹಲಗೆ ಮಟ್ಟವಾಗಿದೆಯಾ ಅಂತ ಒಂದು ಸಲ ನೋಡಿದೆ. ಇರಲಿಲ್ಲ.

ಈಗ ನಾಲ್ಕನೇ ಸಲ ಹಾಸಿಗೆ ಮಗುಚೋಕೆ ಹೋದೆ. ಅಜ್ಜಿ ಅಲ್ಲೇ ಇದ್ದರು.

"ಮಗುಗೆ ಎಷ್ಟು ವರ್ಷ ಅಪ್ಪಾ?"

"ನಲವತ್ತಾರು" ಅಂದೆ.